ಡೂಸಿ ಕಣಿವೆಯ ಕಪ್ಪೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಅದರ ಪೂರ್ವದ ಎಲ್ಲೆಯ ಕಡೆಗೆ, ಸಿಯೆರ್ರಾ ನೆವಾಡಾ ಎಂಬ ಪರ್ವತಶ್ರೇಣಿಯು ಸುಮಾರು 400 ಮೈಲಿ ಉದ್ದಕ್ಕೆ ಹಬ್ಬಿಕೊಂಡಿರುವುದು. ಸ್ಪೇನ್ ದೇಶದ ಮಾತಿನಲ್ಲಿ ಈ ಹೆಸರಿಗೆ ಹಿಮದ ಬೆಟ್ಟಸಾಲೆಂದು ಅರ್ಥ. ಪಶ್ಚಿಮದಿಂದ ಬರುವವನನ್ನು ಈ ಶ್ರೇಣಿಯು ಸಾವಕಾಶವಾಗಿ ಮೇಲಕ್ಕೆ ಕರೆದೊಯ್ಯುವುದು; ಪೂರ್ವದಿಂದ ಬರುವವನಿಗೆ ಕೋಟೆಯ ಗೋಡೆಯಂತೆ ಎದುರು ನಿಲ್ಲುವುದು. ನಾವು ಆ ಗೋಡೆಯ ಬುಡದಲ್ಲಿರುವ ಬಿಷಪ್ ಎಂಬ ಸಣ್ಣ ಊರಿನಿಂದ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಹೊರಟೆವು. ನಾವೆಂದರೆ ಈ ಲೇಖಕನೂ ಮನೆಯವರೂ ಇಬ್ಬರೇ. ಕಪ್ಪೆಗಳನ್ನು ನೋಡಲು ಹೋಗುತ್ತೇವೆಂದು ಹೇಳಿದಾಗ ನಕ್ಕವರು ಬಹಳ ಮಂದಿ. ಹೊಲದ ಬದುವಿನಲ್ಲಿ ಸಿಕ್ಕುವ ಪ್ರಾಣಿಗಾಗಿ ಇಷ್ಟು ದೂರವೇ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮೋಟಾರಿನ ದಾರಿಯು ಸೌತ್ ಲೇಕ್ ಎಂಬ ಸರೋವರದ ಬಳಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಕಾಲ್ನಡಿಗೆ. ಬಿಷಪ್ ಕಣಿವೆಬಾಗಿಲಿಗೆ ಸುಮಾರು 6 ಮೈಲಿ. ಎತ್ತರ ಹತ್ತಿರ ಹತ್ತಿರ 12,000 ಅಡಿ. ಆಹಾರವನ್ನು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಟ್ಟು ಹೊರಬೇಕೆಂಬುದು ಅಲ್ಲಿಯ ನಿಯಮ. ಚಪಾತಿ, ಚಟ್ನಿಪುಡಿಗಳೂ ಅದರೊಳಗೇ ಸೇರಿದುವು. ಮೊದಮೊದಲು ಪೈನ್ ಮರಗಳ ನೆರಳಿತ್ತು. ಏರುತ್ತ ಹೋದಂತೆ ಮರಗಳು ಕುಳ್ಳಾಗಿ, ಗಾಳಿಯ ಪೆಟ್ಟಿಗೆ ಬಗ್ಗಿ, ಕೊನೆಗೆ ಇಲ್ಲವೇ ಆದುವು. ಉಳಿದುದು ಬಿಳಿಯ ಕಲ್ಲು ಮತ್ತು ನೀಲಿಯ ಆಕಾಶ. ಉಸಿರು ಸಾಲದೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಶಿಖರದ ಸಂದಿಯನ್ನು ದಾಟಿದೊಡನೆ ಕೆಳಗೆ ಡೂಸಿ ಕಣಿವೆಯು ತೆರೆದುಕೊಂಡಿತು. ಹಿಮನದಿಗಳು ಹಿಂದೊಮ್ಮೆ ಕೊರೆದು ಬಿಟ್ಟ ಬಂಡೆಯ ಹರಿವಾಣವದು. ಅದರ ತುಂಬ ಕೊಳಗಳು. ಹಿಂದೆ ಪ್ಯಾಲಿಸೇಡ್ ಶಿಖರಗಳು ಗರಗಸದ ಹಲ್ಲಿನಂತೆ ನಿಂತಿದ್ದುವು. ಇದು 1940ರಲ್ಲಿ ಸ್ಥಾಪಿತವಾದ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ನೆಲ.

ನೀರು ಅತಿ ತಿಳಿ. ಅಡಿಯ ಕಲ್ಲುಗಳನ್ನು ಎಣಿಸಬಹುದು. ನಾವು ಮೂರು ಕೊಳಗಳ ದಡವನ್ನು ಪೂರ್ತಿಯಾಗಿ ಸುತ್ತಿದೆವು. ಸೊಳ್ಳೆಗಳ ಉಪಚಾರಕ್ಕೆ ಕೊರತೆಯಿರಲಿಲ್ಲ. ಕಪ್ಪೆ ಮಾತ್ರ ಒಂದೂ ಕಣ್ಣಿಗೆ ಬೀಳಲಿಲ್ಲ.

ಹಳದಿ ಕಾಲಿನ ಬೆಟ್ಟಗಪ್ಪೆಯೆಂದು ಇದನ್ನು ಕರೆಯಬಹುದು. ಮೈ ಕಂದು; ಹೊಟ್ಟೆಯ ಅಡಿಯೂ ಹಿಂಗಾಲಿನ ಅಡಿಯೂ ಹಳದಿ. ಕೈಯಲ್ಲಿ ಹಿಡಿದರೆ ಬೆಳ್ಳುಳ್ಳಿಯ ವಾಸನೆಯನ್ನು ಬಿಡುವುದೆಂದು ಬಲ್ಲವರು ಬರೆದಿದ್ದಾರೆ. ವರ್ಷದಲ್ಲಿ ಬಹುಭಾಗವನ್ನು ಮಂಜುಗಡ್ಡೆಯ ಕೆಳಗೆ ನೀರಿನಲ್ಲಿ ಕಳೆಯುವ ಜೀವಿ ಇದು. ಇದರ ಗೊದಮೊಟ್ಟೆಯು ಕಪ್ಪೆಯಾಗಲು ಎರಡು ಮೂರು ವರ್ಷಗಳೇ ಬೇಕು. ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ ಎಂಬ ಪ್ರಾಣಿಶಾಸ್ತ್ರಜ್ಞರು 1924ರಲ್ಲಿ ಯೊಸೆಮಿಟಿಯ ಪ್ರಾಣಿಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಆ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದ ಕಪ್ಪೆ ಇದೇ. ಇಂದು ಮೊದಲಿದ್ದ ಸ್ಥಳಗಳಲ್ಲಿ ನೂರಕ್ಕೆ 90ಕ್ಕೂ ಮೇಲ್ಪಟ್ಟು ಬರಿದಾಗಿವೆ. ಇದನ್ನು ತಿಂದು ಬದುಕುತ್ತಿದ್ದ ಹಾವುಗಳೂ ಅಂಥ ಕೊಳಗಳಲ್ಲಿ ಕಡಮೆಯಾದುವು.

ಮೊದಲನೆಯ ಪೆಟ್ಟು ಮನುಷ್ಯನದು. ಈ ಎತ್ತರದ ಕೊಳಗಳಲ್ಲಿ ಸ್ವಭಾವತಃ ಮೀನೇ ಇರಲಿಲ್ಲ. ಗಾಳದವರ ವಿನೋದಕ್ಕಾಗಿ ಟ್ರೌಟ್ ಮೀನನ್ನು ಹೇಸರಗತ್ತೆಗಳ ಮೇಲೂ, ಆಮೇಲೆ ವಿಮಾನದಿಂದಲೂ ತಂದು ಬಿಟ್ಟರು. ಮೀನು ಗೊದಮೊಟ್ಟೆಗಳನ್ನು ತಿಂದಿತು. ಎರಡನೆಯ ಪೆಟ್ಟು ಕಣ್ಣಿಗೆ ಕಾಣದ್ದು. ಅದೊಂದು ಶಿಲೀಂಧ್ರ, ನಮ್ಮ ಉಪ್ಪಿನಕಾಯಿಯ ಜಾಡಿಯಲ್ಲಿ ಮಳೆಗಾಲದಲ್ಲಿ ಕಾಣುವ ಬೂಷ್ಟಿನ ದೂರದ ನೆಂಟ. 1998ರಲ್ಲಿ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕಗಳ ಸತ್ತ ಕಪ್ಪೆಗಳಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಬ್ಯಾಟ್ರಕೋಕೈಟ್ರಿಯಂ ಡೆಂಡ್ರೊಬೇಟಿಡಿಸ್ ಎಂದು ನಾಮಕರಣವಾಯಿತು. ಹೆಸರನ್ನು ಉಚ್ಚರಿಸುವ ಶ್ರಮವನ್ನು ವಾಚಕರಿಗೆ ಮತ್ತೆ ಕೊಡುವುದಿಲ್ಲ. 2019ರಲ್ಲಿ ಹೊರಬಂದ ಒಂದು ಲೆಕ್ಕದಂತೆ ಈ ರೋಗದಿಂದ ಲೋಕದಲ್ಲಿ 501 ಜಾತಿಯ ಉಭಯಚರಗಳು ಕ್ಷೀಣಿಸಿವೆ. ಅವುಗಳಲ್ಲಿ 90 ಜಾತಿಗಳು ನಾಶವಾಗಿರಬಹುದು.

ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುವುದು. ರಕ್ತಕ್ಕೆ ಬೇಕಾದ ಲವಣಗಳ ಹದವನ್ನೂ ಆ ಚರ್ಮವೇ ಕಾಯಬೇಕು. ಶಿಲೀಂಧ್ರದ ಬೀಜಾಣುಗಳು ಬಾಲವನ್ನಾಡಿಸುತ್ತ ನೀರಿನಲ್ಲಿ ಈಜಿ ಬಂದು ಚರ್ಮದೊಳಗೆ ನೆಲೆಯೂರುತ್ತವೆ. ಚರ್ಮ ದಪ್ಪವಾಗಿ ಕೆಲಸ ತಪ್ಪುತ್ತದೆ. ಸೋಡಿಯಂ, ಪೊಟ್ಯಾಸಿಯಂಗಳು ಇಳಿಯುತ್ತವೆ. ಕೊನೆಗೆ ಹೃದಯವು ನಿಲ್ಲುವುದು. ಈ ಕ್ರಮವು 2009ರಲ್ಲಿ ಸ್ಪಷ್ಟವಾಯಿತು. ಗೊದಮೊಟ್ಟೆಯಲ್ಲಿ ರೋಗವು ಬಾಯಿಯ ಗಟ್ಟಿ ಭಾಗಕ್ಕೆ ಮಾತ್ರ ಹತ್ತುವುದರಿಂದ ಅದು ಬದುಕಿರುತ್ತದೆ. ಕಾಲು ಮೂಡಿ ಕಪ್ಪೆಯಾಗುವ ಹೊತ್ತಿಗೆ ಸಾಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾನಿಲಯದ ವ್ಯಾನ್ಸ್ ವ್ರೆಡನ್‌ಬರ್ಗ್ ಮತ್ತು ಸಂಗಡಿಗರು ಡೂಸಿಯ ನೆರೆಯ ಬ್ಯಾರೆಟ್ ಕೊಳಗಳೂ ಸೇರಿ ಮೂರು ಕಣಿವೆಗಳಲ್ಲಿ ಈ ರೋಗದ ಹಾದಿಯನ್ನು ಅಳೆದರು. ಅದು ವರ್ಷಕ್ಕೆ ಸುಮಾರು 700 ಮೀಟರು ಮುಂದುವರಿಯುತ್ತಿತ್ತು. ಆಳು ನಡೆದರೆ ಹತ್ತು ನಿಮಿಷದ ದಾರಿ. ಅಷ್ಟು ನಿಧಾನವಾಗಿ ಬರುವ ಸಾವನ್ನು ಮುಂಚಿತವಾಗಿ ಕಂಡು, ತಡೆಯಲಾಗದೆ ನಿಂತವರ ಮನಸ್ಸನ್ನು ನಾವು ಆ ದಡದಲ್ಲಿ ಕುಳಿತು ಊಹಿಸಿಕೊಂಡೆವು.

ಆದರೆ ಎಲ್ಲ ಕಡೆಯೂ ಎಲ್ಲ ಕಪ್ಪೆಯೂ ಸಾಯಲಿಲ್ಲ. ನಮ್ಮ ಸಹ್ಯಾದ್ರಿಯ ಕಪ್ಪೆಗಳ ಮೈಮೇಲೆಯೂ ಈ ಶಿಲೀಂಧ್ರವು ದೊರೆತಿದೆ. ಅಲ್ಲಿ ಇಂಥ ಸಾಮೂಹಿಕ ಮರಣವು ಕಂಡುಬಂದಿಲ್ಲ. ಕೆಲವು ಬದುಕುವುದೇಕೆ ಎಂಬ ಪ್ರಶ್ನೆಗೆ ಒಂದು ಉತ್ತರವು ಅಮೆರಿಕದ ಇನ್ನೊಂದು ತುದಿಯಿಂದ, ವರ್ಜೀನಿಯಾ ಪ್ರಾಂತದ ಕಾಡಿನಿಂದ ಬಂತು. ಅಲ್ಲಿ ಹಲ್ಲಿಯ ಆಕಾರದ ಸಾಲಮಾಂಡರ್ ಎಂಬ ಉಭಯಚರಗಳಿವೆ. ತಾಯಿಯು ಮೊಟ್ಟೆಗಳ ಬಳಿಯೇ ಕಾದು ಕೂಡುವುದು. ತೇವದಲ್ಲಿರುವ ಮೊಟ್ಟೆಗೆ ಬೂಷ್ಟು ಹಿಡಿಯದಿರುವುದು ಹೇಗೆಂದು ರೀಡ್ ಹ್ಯಾರಿಸ್ ಎಂಬ ವಿದ್ವಾಂಸರು ಪರೀಕ್ಷಿಸಿದರು. ತಾಯಿಯ ಚರ್ಮದಲ್ಲಿ ಬ್ಯಾಕ್ಟೀರಿಯಾಗಳ ಒಂದು ಸಂಸಾರವೇ ಇತ್ತು. ಅವುಗಳಲ್ಲಿ ಕೆಲವು ಶಿಲೀಂಧ್ರವನ್ನು ಕೊಲ್ಲುವಂಥವು. ಅಂಥವುಗಳಲ್ಲಿ ಪ್ರಸಿದ್ಧವಾದದ್ದು ಜಾಂಥಿನೋಬ್ಯಾಕ್ಟೀರಿಯಂ ಲಿವಿಡಂ. ಹಲವು ಜಾತಿಯ ಉಭಯಚರಗಳಲ್ಲಿ ಅದು ಸಿಕ್ಕುತ್ತದೆ. ತಟ್ಟೆಯಲ್ಲಿ ಬೆಳೆಸಿದರೆ ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ ಬರುವುದು. ಆ ಬಣ್ಣವೇ ವಯೊಲೇಸಿನ್ ಎಂಬ ಮದ್ದು. ಈ ಸೂಕ್ಷ್ಮಜೀವಿಗಳು ನೆಲದಿಂದಲೂ ಮೈಗೆ ಹತ್ತುತ್ತವೆ. ಸಾಲಮಾಂಡರನ್ನು ಮಣ್ಣಿಲ್ಲದ ಪೆಟ್ಟಿಗೆಯಲ್ಲಿ ಶುಚಿಯಾಗಿಟ್ಟರೆ ಅದರ ಚರ್ಮದ ಸಂಸಾರವೇ ಬದಲಾಗಿ ಬಡವಾಗುತ್ತದೆ. ಮಕ್ಕಳನ್ನು ಮಣ್ಣಿಗೆ ಬಿಡದ ತಾಯಂದಿರು ಇದನ್ನು ಓದಿ ನಮ್ಮೊಡನೆ ವಾದಕ್ಕೆ ಬಾರದಿರಲಿ. ನಾವು ಹೇಳುತ್ತಿರುವುದು ಸಾಲಮಾಂಡರಿನ ಮಾತು.

2009ರಲ್ಲಿ ಹ್ಯಾರಿಸರೂ ಸಂಗಡಿಗರೂ ಪ್ರಯೋಗಶಾಲೆಯ ಬೆಟ್ಟಗಪ್ಪೆಗಳನ್ನು ಈ ನೇರಳೆ ಬ್ಯಾಕ್ಟೀರಿಯಾದ ನೀರಿನಲ್ಲಿ ಮೀಯಿಸಿ, ಆಮೇಲೆ ಶಿಲೀಂಧ್ರವನ್ನು ಸೋಕಿಸಿದುದನ್ನು ವರದಿಮಾಡಿದರು. ಮಿಂದವು ಸಾಯಲಿಲ್ಲ.

ಈ ಕಥೆಯನ್ನು ಸಂಜೆ ಡೇರೆಯ ಮುಂದೆ ಹೇಳುತ್ತಿರಲು ಮನೆಯವರು, “ಹಾಗಾದರೆ ಇದು ಹಾಲಿಗೆ ಹೆಪ್ಪು ಹಾಕಿದಂತೆಯೇ ಅಲ್ಲವೆ?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಹಾಲಿನ ಹದ ತಪ್ಪಿದ್ದರೆ ಹೆಪ್ಪು ಎಷ್ಟು ಹಾಕಿದರೇನು?” ಎಂದು ಸೇರಿಸಿದರು.

ನಾವು ಕುಳಿತಿದ್ದ ಡೂಸಿ ಕಣಿವೆಯಲ್ಲಿಯೇ ಆ ಮಾತಿನ ಪರೀಕ್ಷೆ ನಡೆದಿತ್ತು. ರೋಗವು ಇಲ್ಲಿಗೆ ಕಾಲಿಟ್ಟಿದ್ದ 2010ರಲ್ಲಿ ವ್ರೆಡನ್‌ಬರ್ಗರು ಕಪ್ಪೆಗಳಿಗೆ ಈ ಸ್ನಾನವನ್ನು ಮಾಡಿಸಿದರು. ಮೊದಲ ಸುದ್ದಿಯು ಆಶೆ ಹುಟ್ಟಿಸುವಂತಿತ್ತು. 2012ರಲ್ಲಿ ಇಲ್ಲಿಯೇ ಎಳೆಯ ಕಪ್ಪೆಗಳ ಮೇಲೆ ನಡೆಸಿದ ಪ್ರಯೋಗದ ಫಲವು 2022ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾವು ಸ್ನಾನವಾದೊಡನೆ ಚರ್ಮದ ಮೇಲೆ ಹೆಚ್ಚಾಗಿತ್ತು, ಬಳಿಕ ನಿಲ್ಲಲಿಲ್ಲ. ರೋಗವು ಇಳಿಯಲಿಲ್ಲವೆನ್ನಬಹುದು, ಆಯುಸ್ಸೂ ಹೆಚ್ಚಲಿಲ್ಲ. ಪನಾಮಾ ದೇಶದ ಚಿನ್ನದ ಬಣ್ಣದ ಕಪ್ಪೆಗೂ ಇದೇ ಉಪಾಯವನ್ನು ಮಾಡಿ ನೋಡಿದ್ದರು. ಕೆಲವು ವಾರಗಳಲ್ಲಿ ಹೆಪ್ಪು ಕರಗಿತು, ಕಪ್ಪೆಗಳು ಸಾಯತೊಡಗಿದುವು. ಆ ಜಾತಿಯು ಈಗ ಕಾಡಿನಲ್ಲಿ ಕಾಣುವುದಿಲ್ಲ, ಸಾಕುಕೇಂದ್ರಗಳಲ್ಲಿ ಉಳಿದಿದೆ. ಆದರೂ 2015ರಲ್ಲಿ ಒಂದು ಗಮನಾರ್ಹ ಸಂಗತಿಯು ಹೊರಬಿತ್ತು. ರೋಗವನ್ನು ಗೆದ್ದು ಉಳಿದ ಕೆಲವು ಚಿನ್ನಗಪ್ಪೆಗಳ ಚರ್ಮದಲ್ಲಿ ರೋಗಕ್ಕೆ ಮೊದಲೇ ಇದ್ದ ಬ್ಯಾಕ್ಟೀರಿಯಾಗಳ ಕೂಟವು ಸತ್ತವುಗಳದಕ್ಕಿಂತ ಬೇರೆಯಾಗಿತ್ತು. ಹೊರಗಿನಿಂದ ತಂದು ಹಚ್ಚಿದ್ದು ನಿಲ್ಲಲಿಲ್ಲ. ಮೈಯಲ್ಲಿ ಬೇರೂರಿದ್ದುದು ಕಾಯಿತು. ಮುಂದೆ ಬೇರೆ ಹೆಪ್ಪು ದೊರಕಬಾರದೆಂದೇನೂ ಇಲ್ಲ. ಆದರೆ ಪ್ರಯೋಗಶಾಲೆಯ ಪಾತ್ರೆಯಲ್ಲಿ ಗೆದ್ದದ್ದನ್ನು ಬೆಟ್ಟದ ಕೊಳದಲ್ಲಿಯೂ ಗೆದ್ದಿತೆಂದು ಅವಸರದಿಂದ ಸಾರುವ ಪತ್ರಿಕೆಗಳ ವಿಷಯದಲ್ಲಿ ನಮಗೆ ಗೌರವ ಸಾಲದು.

ಮರುವಾರ ಉತ್ತರಕ್ಕೆ ಯೊಸೆಮಿಟಿಗೆ ಹೋದೆವು. ಅಲ್ಲಿ ಕಾನೆಸ್ ಎಂಬ ಕೊಳದ ಕಪ್ಪೆಗಳು ರೋಗವಿದ್ದೂ ಬಾಳಿದವು. ಅವುಗಳಲ್ಲಿ ಶಿಲೀಂಧ್ರವನ್ನು ತಡೆಯುವ ಬ್ಯಾಕ್ಟೀರಿಯಾವುಳ್ಳವುಗಳ ಪಾಲು ಅಳಿದುಹೋದ ಕಣಿವೆಯ ಕಪ್ಪೆಗಳಿಗಿಂತ ಹೆಚ್ಚಾಗಿತ್ತೆಂದು 2010ರಲ್ಲಿ ತೋರಿಸಿದ್ದರು. ಅಲ್ಲಿ ಮೀನು ಬಿಡುವುದನ್ನು 1991ರಲ್ಲಿಯೇ ನಿಲ್ಲಿಸಿದ್ದಾರೆ. ರೋಲಂಡ್ ನ್ಯಾಪ್ ಮತ್ತು ಸಂಗಡಿಗರ ಗಣನೆಯಂತೆ 20 ವರ್ಷಗಳಲ್ಲಿ ಕಪ್ಪೆಗಳು ಏಳು ಪಟ್ಟಾದುವು. ರೋಗದ ನಡುವೆ ಉಳಿದು ಬಲಿತ ಕಪ್ಪೆಗಳನ್ನು ಹಿಡಿದು 2006ರಿಂದ 2020ರ ವರೆಗೆ 12 ಬರಿದಾದ ಕೊಳಗಳಿಗೆ ಒಯ್ದು ಬಿಟ್ಟರು. ಮೈಯ ಬಲದೊಡನೆ ಚರ್ಮದ ಸಂಸಾರವೂ ಅವುಗಳ ಜೊತೆಗೇ ಹೋಯಿತು. ಅವುಗಳ ಗೆಲವಿನಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳುವ ಕೆಲಸ ನಮ್ಮದಲ್ಲ. ಶಿಲೀಂಧ್ರವು ಆ ಕೊಳಗಳಲ್ಲಿ ಇಂದಿಗೂ ಇದೆ. ಹೆಚ್ಚಿನ ಕಡೆ ಕಪ್ಪೆಗಳೂ ಇವೆ. ಅಲ್ಲಿಯೇ ಮೊಟ್ಟೆಯಿಟ್ಟು, ಅಲ್ಲಿಯೇ ಹುಟ್ಟಿದ ಮರಿಗಳು ಮಂಜುಗಡ್ಡೆಯ ಕೆಳಗೆ ಚಳಿಗಾಲವನ್ನು ಕಳೆಯುತ್ತಿವೆ.