ವಿಜಯಪುರದಲ್ಲಿ ಒಂದೇ ದಿನ: ಗೋಳಗುಮ್ಮಟವೋ, ಇಬ್ರಾಹಿಂ ರೋಜಾವೋ?

ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮೈಸೂರಿಗೋ ಹಂಪಿಗೋ ಕರೆದೊಯ್ಯುತ್ತೇವೆ. ವಿಜಯಪುರ ದೂರವಾಯಿತು ಅಂತ ಕೈಬಿಡುತ್ತೇವೆ. ಈ ಸಲ ಬಿಡಬೇಡಿ. ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮಕ್ಕಳು ಸುಸ್ತಾಗುವ ಮೊದಲು ಯಾವುದನ್ನು ನೋಡಬೇಕು ಅನ್ನುವುದಷ್ಟೇ ಪ್ರಶ್ನೆ.

ನನ್ನ ಉತ್ತರ: ಮೊದಲು ಗೋಳಗುಮ್ಮಟ, ಅದೂ ಬೆಳ್ಳಂಬೆಳಿಗ್ಗೆ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು. ಬಸ್ಸುಗಳು ಬಂದ ಮೇಲೆ ಒಳಗೆ ಕೇಳುವುದು ಬರೀ ಕೂಗಾಟ.

1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಪಿಸುಮಾತಿನ ಗ್ಯಾಲರಿ. ಮಂಡಿನೋವಿನ ಅಜ್ಜ ಅಜ್ಜಿ ಕೆಳಗೇ ಕೂರಲಿ.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಊರಿಗೆ ಬಂದ ಮೊದಲ ವಾರವೇ ಅಣ್ಣನ ಮಕ್ಕಳು ಅವಳ ಕನ್ನಡ ಕೇಳಿ ನಕ್ಕಿದ್ದರು. ಅವರಿಗೆ ಅದು ಬರೀ ತಮಾಷೆ. ಇವಳು ಮಾತ್ರ ಅವತ್ತಿನಿಂದ ಅಜ್ಜಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಳು. ಏನಾಯಿತು ಅಂತ ಕೇಳಿದರೆ 'ನಥಿಂಗ್'.

ಗ್ಯಾಲರಿಯಲ್ಲಿ ನಾನು ಗೋಡೆಗೆ ಕಿವಿಯಿಟ್ಟು ಕೂತೆ. ಅವಳು ಅಪ್ಪನ ಜೊತೆ ಎದುರು ಬದಿಗೆ ಹೋದಳು. ಸ್ವಲ್ಪ ಹೊತ್ತಿಗೆ, ಗೋಡೆಯೇ ಮಾತಾಡಿದ ಹಾಗೆ, "ಅಮ್ಮಾ, ನನ್ನ ಕನ್ನಡ ಚೆನ್ನಾಗಿಲ್ವಾ?"

ಪಕ್ಕದಲ್ಲೇ ಮಲಗುತ್ತಿದ್ದವಳು ಎರಡು ವಾರದಿಂದ ಕೇಳದಿದ್ದ ಪ್ರಶ್ನೆ. "ಚೆನ್ನಾಗಿದೆ ಪುಟ್ಟಾ, ನೀನು ಹೇಳಿದ್ದೆಲ್ಲ ಕೇಳಿಸ್ತು" ಅಂದೆ. ಅಷ್ಟರಲ್ಲಿ ಒಂದು ಶಾಲೆಯ ಹುಡುಗರ ದಂಡು ಮೇಲೆ ಬಂತು. ನನ್ನ ಉತ್ತರ ಅವಳಿಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾಕ್ಕೆ ಹೋಗುವ ದಾರಿಯಲ್ಲಿ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಹತ್ತು ನಿಮಿಷ ನಿಲ್ಲಿ. ಸುಮಾರು 55 ಟನ್ ತೂಕ, ಬಾಯಿ ಸಿಂಹದ್ದು, ಅದರ ದವಡೆಯಲ್ಲೊಂದು ಆನೆ. ಚಿಕ್ಕವರಿಗೆ ಇಷ್ಟವಾಗುವುದು ಇದೇ.

ಕಟ್ಟಡದ ಅಂದ ಎಂದರೆ ರೋಜಾವೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ. ಕಿಟಕಿಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಆದರೆ ಮಕ್ಕಳು ಇಲ್ಲಿ ಬೇಗ ಬೇಸರಪಡುತ್ತಾರೆ, ಕತೆ ಹೇಳಬೇಕು.

ಕತೆಗೇನೂ ಕೊರತೆಯಿಲ್ಲ. ಇಲ್ಲಿರುವುದು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ. ದಖನಿಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದವನು. ಅದರಲ್ಲಿ ಸರಸ್ವತಿಯ ಸ್ತುತಿಯಿದೆ. ಅಕ್ಬರನ ಕಡೆಯಿಂದ ಬಂದಿದ್ದ ಅಸದ್ ಬೇಗ್ ಎಂಬ ರಾಯಭಾರಿಯ ಬರಹದ ಪ್ರಕಾರ, ಸುಲ್ತಾನನಿಗೆ ಪಾರ್ಸಿ ಅರ್ಥವಾಗುತ್ತಿತ್ತು, ಆದರೆ ಮಾತಾಡಲು ತಡವರಿಸುತ್ತಿದ್ದ. ಮರಾಠಿ ಮಾತ್ರ ಸಲೀಸು.

ಇದನ್ನು ಮಗಳು ಎರಡು ಸಲ ಹೇಳಿಸಿಕೊಂಡಳು. "ರಾಜನಿಗೇ ಬರ್ತಿರಲಿಲ್ವಾ?"

ಅಂದ ಹಾಗೆ, ರೋಜಾದಲ್ಲಿ ಚಪ್ಪಲಿ ಬಿಡಬೇಕು. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಮಕ್ಕಳಿಗೆ ಕಾಲುಚೀಲ ಹಾಕಿ.

ಹಸಿವಾಗಿತ್ತು, ಖಾನಾವಳಿ ಹೊಕ್ಕೆವು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಬಡಿಸುವವರು ನಮ್ಮ ಸಾಲು ದಾಟಿ ಹೋಗುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಮಗಳು ಕೈಯೆತ್ತಿ, "ಇನ್ನೊಂದು ರೊಟ್ಟಿ ಕೊಡ್ರಿ" ಅಂದಳು. ಆ 'ರಿ' ಎಲ್ಲಿ ಕಲಿತಳೋ!