ಕಂಪ್ಯೂಟರಿನ ಸದ್ದು ಮತ್ತು ಅತ್ತೆಯವರ ಕಿವಿ

ಮನೆ ಎಂದ ಮೇಲೆ ಸದ್ದು ಇದ್ದೇ ಇರುತ್ತದೆ. ಮಿಕ್ಸಿ ತಿರುಗುತ್ತದೆ, ಕುಕ್ಕರ್ ಕೂಗುತ್ತದೆ, ಮಕ್ಕಳು ಜಗಳವಾಡುತ್ತಾರೆ. ಇವೆಲ್ಲ ಬಂದು ಹೋಗುವ ಸದ್ದುಗಳು. ಇನ್ನೊಂದು ಬಗೆಯದು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನೆ ಇರುವ ಸದ್ದು. ಹಳೆಯ ಫ್ರಿಜ್ಜಿನದ್ದು, ಸೀಲಿಂಗ್ ಫ್ಯಾನಿನದ್ದು, ಕಂಪ್ಯೂಟರಿನದ್ದು. ಕಿವಿ ಚೆನ್ನಾಗಿರುವವರು ಇಂಥ ಸದ್ದಿಗೆ ನಾಲ್ಕೇ ದಿನಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಎಲ್ಲರ ಕಿವಿಯೂ ಒಂದೇ ರೀತಿ ಇರುವುದಿಲ್ಲ.

ನಮ್ಮದು ಶಿವಮೊಗ್ಗದಲ್ಲಿ ರಸ್ತೆ ಬದಿಯ ಚಿಕ್ಕ ಮನೆ. ಎರಡು ಕೋಣೆ, ಒಂದು ಹಾಲ್, ಅಡುಗೆಮನೆ. ಮನೆಗೆಲಸ ಮುಗಿದ ಮೇಲೆ ನಾನು ಕನ್ನಡ ಟೈಪಿಂಗ್ ಕೆಲಸ ಮಾಡುತ್ತೇನೆ. ಮದುವೆಯ ಆಮಂತ್ರಣ ಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಅಂಗಡಿಗಳ ಬಿಲ್ ಪುಸ್ತಕ, ಹೀಗೆ ಬಂದದ್ದನ್ನೆಲ್ಲ. 2021ರಲ್ಲಿ ನನ್ನ ಮೈದುನ ತಮ್ಮ ಡಿಟಿಪಿ ಅಂಗಡಿಯನ್ನು ಮುಚ್ಚಿದಾಗ ಅಲ್ಲಿದ್ದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರನ್ನು ನನಗೆ ಕೊಟ್ಟರು. ಅದನ್ನು ಇಡಲು ಹಾಲ್ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅತ್ತೆಯವರ ಮಂಚವೂ ಹಾಲ್‌ನಲ್ಲೇ ಇದೆ. ಅಲ್ಲಿ ಬೆಳಕು ಚೆನ್ನಾಗಿದೆ, ಬಚ್ಚಲು ಹತ್ತಿರ, ಬಂದು ಹೋಗುವವರೆಲ್ಲ ಅವರ ಕಣ್ಣಿಗೆ ಬೀಳುತ್ತಾರೆ.

ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಕಿವಿ ಮಂದವಾಗುತ್ತಾ ಬಂದದ್ದರಿಂದ ಕಳೆದ ವರ್ಷ ಅವರಿಗೆ ಶ್ರವಣ ಸಾಧನ ಹಾಕಿಸಿದೆವು. ಮೊದಲ ವಾರ ಅವರ ಸಂತೋಷ ನೋಡಬೇಕಿತ್ತು. ಮೊಮ್ಮಗಳು ಅಡುಗೆಮನೆಯಿಂದ ಹೇಳಿದ ಮಾತಿಗೆ ಹಾಲ್‌ನಿಂದಲೇ ಉತ್ತರ ಕೊಡುತ್ತಿದ್ದರು. ಆದರೆ ನಾನು ಕಂಪ್ಯೂಟರ್ ಚಾಲೂ ಮಾಡಿದೊಡನೆ ಅವರು ಅದನ್ನು ಕಿವಿಯಿಂದ ತೆಗೆದು ಡಬ್ಬಿಯೊಳಗೆ ಇಟ್ಟುಬಿಡುತ್ತಿದ್ದರು. ಎರಡನೆಯ ದಿನವೇ ಇದು ನನ್ನ ಕಣ್ಣಿಗೆ ಬಿತ್ತು. ಕೇಳಿದಾಗ, "ಏನಿಲ್ಲಮ್ಮಾ, ಇದನ್ನು ಹಾಕ್ಕೊಂಡ್ರೆ ಹೊರಗೆ ಮಳೆ ಸುರಿದ ಹಾಗೆ ಕೇಳುತ್ತೆ. ಮಳೆಯಲ್ಲಿ ನಿಮ್ಮ ಮಾತು ಎಲ್ಲಿ ಗೊತ್ತಾಗುತ್ತೆ?" ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಶ್ರವಣ ಸಾಧನ ಮಾತನ್ನೂ ಹಿಗ್ಗಿಸುತ್ತದೆ, ಫ್ಯಾನಿನ ಸದ್ದನ್ನೂ ಹಿಗ್ಗಿಸುತ್ತದೆ. ಈಗಿನ ಸಾಧನಗಳು ಒಂದೇ ಸಮನೆಯ ಸದ್ದನ್ನು ಸ್ವಲ್ಪ ತಗ್ಗಿಸುತ್ತವೆಯಾದರೂ ಪೂರ್ತಿ ಅಳಿಸಲಾರವು. ವಯಸ್ಸಾದಂತೆ ಮೊದಲು ಕಳೆದುಹೋಗುವುದು ತೆಳುವಾದ, ಏರು ದನಿಯ ಅಕ್ಷರಗಳು. ಸ, ಶ, ಫ ಇಂಥವು. ಫ್ಯಾನಿನ 'ಹುಸ್' ಎಂಬ ಸದ್ದು ಇದೇ ಅಕ್ಷರಗಳನ್ನು ಮುಚ್ಚಿಬಿಡುತ್ತದೆ. ನಮ್ಮ ಮನೆಮಾತು ಉರ್ದು. ಏಳು ಗಂಟೆಗೆ 'ಸಾತ್' ಎಂದರೆ ಅವರಿಗೆ ಎಂಟು, 'ಆಠ್' ಎಂದು ಕೇಳುತ್ತಿತ್ತು. ಎರಡು ಮೂರು ಬಾರಿ ಹೀಗಾದರೆ ಯಾರಿಗೂ ಮಾತೇ ಬೇಡವೆನಿಸುತ್ತದೆ. ಅವರಿಗೂ ಹಾಗೆಯೇ ಆಯಿತು. ನಾನು ಕೆಲಸ ಮಾಡುವ ನಾಲ್ಕೈದು ಗಂಟೆ ಹಾಲ್‌ನಲ್ಲೇ ಇದ್ದರೂ ಅವರು ಮನೆಯ ಮಾತಿನಿಂದ ದೂರವಾಗಿರುತ್ತಿದ್ದರು.

ಅತ್ತೆಯವರ ಮಂಚವನ್ನು ಹಿಂದಿನ ಕೋಣೆಗೆ ಹಾಕೋಣ ಎಂದು ನಮ್ಮ ಯಜಮಾನರು ಸಲಹೆ ಕೊಟ್ಟರು. ಅತ್ತೆಯವರು ತಕ್ಷಣ ಒಪ್ಪಿದರು. "ನನಗೇನು, ಎಲ್ಲಿ ಹಾಕಿದರೂ ಮಲಗ್ತೀನಿ" ಎಂದರು. ಅವರು ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿಯೆನಿಸಲಿಲ್ಲ. ಆ ಕೋಣೆಗೆ ಕಿಟಕಿ ಇರುವುದು ಗೋಡೆಯ ಕಡೆಗೆ. ಅಲ್ಲಿ ಮಲಗಿದವರಿಗೆ ಗೇಟು ತೆರೆದದ್ದೂ ತಿಳಿಯುವುದಿಲ್ಲ. ಅತ್ತ ಟೈಪಿಂಗ್ ನಿಲ್ಲಿಸುವ ಸ್ಥಿತಿಯಲ್ಲೂ ನಾನಿರಲಿಲ್ಲ. ಮಗಳ ಕಾಲೇಜು ಫೀಸಿನ ಒಂದು ಪಾಲು ಅದರಿಂದಲೇ ಹೋಗುತ್ತದೆ. ಮಂಚವೂ ಹಾಲ್‌ನಲ್ಲೇ ಇರಬೇಕು, ಕಂಪ್ಯೂಟರೂ ಇರಬೇಕು ಎಂದಾದರೆ ಸದ್ದು ಹೋಗಬೇಕಾಗಿತ್ತು.

ರಿಪೇರಿ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಹೊಸ ಕ್ಯಾಬಿನೆಟ್, ಹೊಸ ಎಸ್‌ಎಂಪಿಎಸ್ ಎಂದು ಆರೂವರೆ ಸಾವಿರದ ಲೆಕ್ಕ ಬರೆದುಕೊಟ್ಟರು. ಅದು ನನ್ನ ಎರಡು ತಿಂಗಳ ಸಂಪಾದನೆ. ಆ ಭಾನುವಾರ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗ. ಚೀಟಿ ನೋಡಿ, "ಖಾಲಾ, ದುಡ್ಡು ಹಾಕೋ ಮೊದಲು ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕೋಣ" ಎಂದ. ಮುಂದಿನದೆಲ್ಲ ನಾವಿಬ್ಬರೂ ಸೇರಿ ಮಾಡಿದ ಕೆಲಸ. ನಿಮ್ಮ ಮನೆಯಲ್ಲೂ ಹಳೆಯ ಕಂಪ್ಯೂಟರ್ ಇದ್ದರೆ ಉಪಯೋಗಕ್ಕೆ ಬರಬಹುದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಸದ್ದು ಮಾಡುವುದು ಮುಖ್ಯವಾಗಿ ತಿರುಗುವ ವಸ್ತುಗಳು. ಪ್ರೊಸೆಸರ್ ಮೇಲಿನ ಫ್ಯಾನ್, ಪೆಟ್ಟಿಗೆಯ ಹಿಂಬದಿಯ ಫ್ಯಾನ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಒಳಗಿನ ಫ್ಯಾನ್, ಮತ್ತು ಹಾರ್ಡ್ ಡಿಸ್ಕ್. ಕೆಲವು ಕಂಪ್ಯೂಟರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೂ ಒಂದು ಫ್ಯಾನ್ ಇರುತ್ತದೆ. ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪ್ರತಿಯೊಂದರ ಸಮೀಪ, ಆದರೆ ತಿರುಗುವ ರೆಕ್ಕೆಗೆ ತಾಗದಂತೆ ಹಿಡಿದು ಕೇಳಿದೆವು. ಹಿಂಬದಿಯ ಚಿಕ್ಕ ಫ್ಯಾನ್ ಗರಗರ ಎನ್ನುತ್ತಿತ್ತು. ಪ್ರೊಸೆಸರ್ ಫ್ಯಾನ್ ಬಿರುಗಾಳಿಯಂತೆ ಬೀಸುತ್ತಿತ್ತು. ಬಳಿಕ ಪೆಟ್ಟಿಗೆಯ ಬದಿಗೆ ಅಂಗೈ ಒತ್ತಿ ಹಿಡಿದೆವು. ಗುಂಯ್‌ಗುಡುವುದು ತಟ್ಟನೆ ಕಡಿಮೆಯಾಯಿತು. ಹಾಗೆ ಕಡಿಮೆಯಾದರೆ ತಗಡು ನಡುಗುತ್ತಿದೆ ಎಂದು ಅರ್ಥ.

ಮೊದಲು ಮಾಡಿದ್ದು ಧೂಳು ತೆಗೆಯುವ ಕೆಲಸ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದೆವು. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹತ್ತಿಯ ಹಾಸಿನಂತೆ ಕುಳಿತಿತ್ತು. ಗಾಳಿ ಹೋಗಲು ದಾರಿಯೇ ಇಲ್ಲದಿದ್ದರೆ ಬಿಸಿ ಏರುತ್ತದೆ. ಬಿಸಿ ಏರಿದಷ್ಟೂ ಫ್ಯಾನ್ ಜೋರಾಗಿ ತಿರುಗುತ್ತದೆ. ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆದೆವು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಗಾಳಿಗೆ ಅದು ಅತಿವೇಗದಿಂದ ತಿರುಗಿದರೆ ಒಳಗಿನ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಖಂಡಿತ ಬೇಡ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅದರ ಜಾಲರಿಯ ಮೇಲಿನ ಧೂಳನ್ನು ಹೊರಗಿನಿಂದಲೇ ಬ್ರಷ್‌ನಿಂದ ತೆಗೆದರೆ ಸಾಕು.

ಪ್ರೊಸೆಸರ್ ಮತ್ತು ಅದರ ಮೇಲಿನ ಪಟ್ಟಿಯ ನಡುವೆ ಬಿಸಿಯನ್ನು ದಾಟಿಸುವ ಪೇಸ್ಟ್ ಇರುತ್ತದೆ. ನಮ್ಮದರಲ್ಲಿ ಅದು ಒಣಗಿ ಸುಣ್ಣದ ಪುಡಿಯಂತಾಗಿತ್ತು. ಹಳೆಯದನ್ನು ಒರೆಸಿ ತೆಗೆದು, ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ ಕೂರಿಸಿದೆವು. ಹೆಚ್ಚು ಹಾಕಿದರೆ ಹೆಚ್ಚು ತಂಪಾಗುವುದಿಲ್ಲ, ಬದಿಗೆ ಸೋರುತ್ತದೆ ಅಷ್ಟೇ. ಈ ಕೆಲಸವನ್ನು ಒಮ್ಮೆಯಾದರೂ ಮಾಡಿ ಬಲ್ಲವರ ಕೈಯಲ್ಲಿ ಮಾಡಿಸುವುದು ಒಳ್ಳೆಯದು.

ನಂತರ ಗರಗರ ಎನ್ನುವ ಫ್ಯಾನ್. ಇದಕ್ಕೆ ಮದ್ದು ನನ್ನ ಹೊಲಿಗೆ ಯಂತ್ರದ ಖಾನೆಯಲ್ಲೇ ಇತ್ತು. ಫ್ಯಾನಿನ ನಡುವಿನ ಸ್ಟಿಕ್ಕರನ್ನು ಮೆಲ್ಲಗೆ ಎತ್ತಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಮತ್ತೆ ಅಂಟಿಸಿದರೆ ಅನೇಕ ಸಾಧಾರಣ ಫ್ಯಾನ್‌ಗಳ ಗರಗರ ಕೆಲವು ತಿಂಗಳು ನಿಲ್ಲುತ್ತದೆ. ತೆಂಗಿನೆಣ್ಣೆ ಬೇಡ. ಅದು ಗಟ್ಟಿಯಾಗಿ ಅಂಟಾಗುವುದು ಹೊಲಿಗೆ ಬಲ್ಲ ಸಹೋದರಿಯರಿಗೆ ಗೊತ್ತೇ ಇದೆ. ನಮ್ಮ ಫ್ಯಾನ್ ತೀರಾ ಸವೆದಿದ್ದರಿಂದ ಎಣ್ಣೆ ಒಂದು ವಾರವಷ್ಟೇ ಕೆಲಸ ಮಾಡಿತು. ಕೊನೆಗೆ ಹೊಸದನ್ನು ತಂದೆವು.

ಹೊಸದನ್ನು ತರುವಾಗ ಹುಡುಗ ಒಂದು ವಿಷಯ ಹೇಳಿದ. ಹಳೆಯದು 80 ಮಿಲಿಮೀಟರಿನ ಚಿಕ್ಕ ಫ್ಯಾನ್. ಪೆಟ್ಟಿಗೆಯ ಹಿಂದೆ 120 ಮಿಲಿಮೀಟರಿನ ಫ್ಯಾನಿಗೂ ತೂತುಗಳಿದ್ದವು. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೂ ಚಿಕ್ಕದರಷ್ಟೇ ಗಾಳಿ ಎಳೆಯುತ್ತದೆ. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಆದ್ದರಿಂದ ನಿಶ್ಶಬ್ದ ಬೇಕಾದರೆ ದೊಡ್ಡ ಫ್ಯಾನ್, ಕಡಿಮೆ ವೇಗ.

ವೇಗ ತಗ್ಗಿಸಲು ಖರ್ಚೇ ಇಲ್ಲದ ದಾರಿಯೊಂದಿದೆ. ಕಂಪ್ಯೂಟರ್ ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ಬಯಾಸ್ ಎಂಬ ಪರದೆ ತೆರೆಯುತ್ತದೆ. ಹೆಚ್ಚಿನವುಗಳಲ್ಲಿ ಬಿಸಿಗೆ ತಕ್ಕಂತೆ ಫ್ಯಾನಿನ ವೇಗ ಬದಲಿಸುವ ಆಯ್ಕೆ ಇರುತ್ತದೆ. ನಮ್ಮದರಲ್ಲಿ ಅದನ್ನು ಯಾರೋ ಆರಿಸಿ ಇಟ್ಟಿದ್ದರು. ಹಾಗಾಗಿ ಒಂದು ಪತ್ರ ಟೈಪ್ ಮಾಡುವಾಗಲೂ ಪ್ರೊಸೆಸರ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಆಯ್ಕೆಯನ್ನು ಚಾಲೂ ಮಾಡಿದ ಕ್ಷಣ ಬಿರುಗಾಳಿ ಇಳಿದುಹೋಯಿತು. ಪ್ರೊಸೆಸರಿನ ಬಿಸಿ ಎಷ್ಟಿದೆ ಎಂಬುದನ್ನೂ ಅದೇ ಪರದೆ ತೋರಿಸುತ್ತದೆ. ಕೆಲವು ದಿನ ಅದರ ಮೇಲೆ ಕಣ್ಣಿಡಬೇಕು.

ಇನ್ನು ಉಳಿದದ್ದು ತಗಡಿನ ನಡುಕ. ನಮ್ಮ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಆ ನಡುಕ ತಗಡಿಗೆ, ತಗಡಿನಿಂದ ಮರದ ಮೇಜಿಗೆ, ಮೇಜಿನಿಂದ ನೆಲಕ್ಕೆ ದಾಟುತ್ತದೆ. ಸೈಕಲ್ಲಿನ ಹಳೆಯ ಟ್ಯೂಬಿನಿಂದ ಚಿಕ್ಕ ಬಿಲ್ಲೆಗಳನ್ನು ಕತ್ತರಿಸಿ ಡಿಸ್ಕ್ ಮತ್ತು ಚೌಕಟ್ಟಿನ ನಡುವೆ ಇಟ್ಟು ಸ್ಕ್ರೂ ಹಾಕಿದೆವು. ಸವೆದುಹೋದ ಹವಾಯಿ ಚಪ್ಪಲಿಯ ನಾಲ್ಕು ತುಂಡುಗಳು ಪೆಟ್ಟಿಗೆಯ ಕಾಲುಗಳಾದವು. ಸಡಿಲಾಗಿದ್ದ ಬದಿಯ ಸ್ಕ್ರೂಗಳನ್ನು ಬಿಗಿ ಮಾಡಿದೆವು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಈ ಸದ್ದು ಪೂರ್ತಿ ಇಲ್ಲವಾಗುತ್ತದೆ, ಏಕೆಂದರೆ ಅದರಲ್ಲಿ ತಿರುಗುವ ಭಾಗವೇ ಇಲ್ಲ. ಅದನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ.

ಕೊನೆಯದು ಜಾಗ. ಪೆಟ್ಟಿಗೆ ಮೇಜಿನ ಕೆಳಗಿನ ಮರದ ಗೂಡಿನಲ್ಲಿ, ಹಿಂಬದಿ ಗೋಡೆಗೆ ತಾಗಿಕೊಂಡಿತ್ತು. ಹೊರಬಂದ ಬಿಸಿ ಗಾಳಿ ಗೂಡಿನಲ್ಲೇ ಸುತ್ತುತ್ತಿತ್ತು, ಸದ್ದು ಗೋಡೆಗೆ ಬಡಿದು ಹಾಲ್‌ಗೆ ಮರಳುತ್ತಿತ್ತು. ಪೆಟ್ಟಿಗೆಯನ್ನು ಗೂಡಿನಿಂದ ತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಮಂಚದಿಂದ ದೂರದ ಮೂಲೆಗೆ ಸರಿಸಿದೆವು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿರುವ ಕೋಣೆಯಲ್ಲಿ ಅಷ್ಟು ಇಳಿಯದಿದ್ದರೂ ವ್ಯತ್ಯಾಸ ತಿಳಿಯುವಷ್ಟು ಇದ್ದೇ ಇದೆ. ಪಕ್ಕದ ಮನೆಯವರು ಪೆಟ್ಟಿಗೆಯ ಮೇಲೆ ದಪ್ಪ ಚಾದರ ಹೊದಿಸಲು ಹೇಳಿದ್ದರು. ಕಂಪ್ಯೂಟರ್ ನಡೆಯುತ್ತಿರುವಾಗ ಹಾಗೆ ಮಾಡಬಾರದು. ಬಿಸಿ ಏರಿ ಫ್ಯಾನ್ ಮತ್ತಷ್ಟು ಜೋರಾಗುತ್ತದೆ. ಕಂಪ್ಯೂಟರ್ ಆರಿಸಿ ತಣ್ಣಗಾದ ಮೇಲೆ ಧೂಳು ಕೂರದಂತೆ ಬಟ್ಟೆ ಮುಚ್ಚಬಹುದು.

ಲೆಕ್ಕ ಹೀಗಿದೆ. ಫ್ಯಾನ್ 400 ರೂಪಾಯಿ, ಪೇಸ್ಟ್ 150, ಬ್ರಷ್ 40. ಒಟ್ಟು 590 ರೂಪಾಯಿ. ಚಪ್ಪಲಿ, ಟ್ಯೂಬ್, ಎಣ್ಣೆ ಮನೆಯಲ್ಲೇ ಇದ್ದವು. ಮಗಳು ಮೊದಲು ಮತ್ತು ನಂತರ ಅತ್ತೆಯವರ ದಿಂಬಿನ ಬಳಿ ಕುಳಿತು ಮೊಬೈಲಿನಲ್ಲಿ ಸದ್ದನ್ನು ಅಳೆದಳು. 48 ಇದ್ದದ್ದು 38 ಆಗಿತ್ತು. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೂ ಒಂದೇ ಮೊಬೈಲಿನಲ್ಲಿ ಒಂದೇ ಜಾಗದಿಂದ ಹೋಲಿಸಲು ಸಾಕು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಮನೆಯೊಳಗೆ ಮಾತು ಸ್ಪಷ್ಟವಾಗಿ ಕೇಳಲು 35 ಡೆಸಿಬೆಲ್, ಮಲಗುವ ಕೋಣೆಗೆ 30 ಡೆಸಿಬೆಲ್ ಎಂಬ ಮಿತಿ ಹೇಳಿದೆ. ನಾವು ಅದರ ಹತ್ತಿರ ಬಂದೆವು.

ಈಗ ಅತ್ತೆಯವರು ಶ್ರವಣ ಸಾಧನವನ್ನು ಡಬ್ಬಿಗೆ ಇಡುವುದು ರಾತ್ರಿ ಮಲಗುವಾಗ ಮಾತ್ರ. ನಾನು ಟೈಪ್ ಮಾಡಿದ ಆಮಂತ್ರಣ ಪತ್ರಗಳನ್ನು ತಪ್ಪು ಹುಡುಕಲು ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಅವರು ಮಂಚದಿಂದಲೇ ಕೇಳಿಸಿಕೊಳ್ಳುತ್ತಾರೆ. ಮೊನ್ನೆ ಒಂದು ಪತ್ರ ಓದುತ್ತಿದ್ದಾಗ, "ನಿಲ್ಲು, ಹುಡುಗನ ತಂದೆ ತೀರಿಕೊಂಡು ಎರಡು ವರ್ಷವಾಯ್ತಲ್ಲ, ಹೆಸರಿನ ಮುಂದೆ ಮರ್ಹೂಮ್ ಅಂತ ಹಾಕಿಲ್ವಾ?" ಎಂದರು. ಬರೆದುಕೊಟ್ಟವರೇ ಅದನ್ನು ಬಿಟ್ಟಿದ್ದರು. ಫೋನ್ ಮಾಡಿ ಕೇಳಿದಾಗ ಅವರು ಎಷ್ಟೋ ಕೃತಜ್ಞತೆ ಹೇಳಿದರು. ಮುದ್ರಣವಾಗಿ ಹಂಚಿದ ಮೇಲೆ ಗೊತ್ತಾಗಿದ್ದರೆ ಆ ಮನೆಯವರಿಗೆ ಎಷ್ಟು ನೋವಾಗುತ್ತಿತ್ತು! ಊರಿನ ಸಂಬಂಧಗಳೆಲ್ಲ ಬಾಯಿಪಾಠವಾಗಿರುವ ಅವರು ಹಿಂದಿನ ಕೋಣೆಯಲ್ಲಿದ್ದಿದ್ದರೆ ಆ ಮಾತು ನನಗೆ ಸಿಗುತ್ತಿರಲಿಲ್ಲ.

ವಯಸ್ಸಾದವರು ತಮಗೆ ಕೇಳಿಸುತ್ತಿಲ್ಲ ಎಂದು ಮತ್ತೆ ಮತ್ತೆ ಹೇಳುವುದಿಲ್ಲ. ಒಂದೆರಡು ಸಲ ಹೇಳಿ ಸುಮ್ಮನಾಗುತ್ತಾರೆ. ಅವರು ಸುಮ್ಮನಾದದ್ದನ್ನು ನಾವು ವಯಸ್ಸಿನ ಗುಣವೆಂದುಕೊಳ್ಳುತ್ತೇವೆ. ನಿಮ್ಮ ಮನೆಯಲ್ಲಿ ಹಾಗೆ ಸುಮ್ಮನಾದವರು ಇದ್ದರೆ, ಒಂದು ಸಂಜೆ ಅವರ ಜಾಗದಲ್ಲಿ ಕುಳಿತು ಕಿವಿಗೊಟ್ಟು ನೋಡಿ. ಕಂಪ್ಯೂಟರೋ, ಫ್ರಿಜ್ಜೋ, ಟೇಬಲ್ ಫ್ಯಾನೋ ಸದ್ದು ಮಾಡುತ್ತಿರಬಹುದು. ಮೊದಲು ಧೂಳು ತೆಗೆಯಿರಿ, ಸ್ಕ್ರೂ ಬಿಗಿ ಮಾಡಿ, ಜಾಗ ಬದಲಿಸಿ. ಹಣ ಖರ್ಚು ಮಾಡುವ ವಿಚಾರ ಆಮೇಲೆ. ಕಂಪ್ಯೂಟರಿನ ಧೂಳನ್ನು ನಾವೀಗ ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಚಳಿಗಾಲ ಮುಗಿದ ಮೇಲೆ ಒಮ್ಮೆ ತೆಗೆಯುತ್ತೇವೆ. ಅರ್ಧ ಗಂಟೆಯ ಕೆಲಸ. ಬ್ರಷ್ ಹಿಡಿಯುವುದನ್ನು ಮಗಳೂ ಕಲಿತಿದ್ದಾಳೆ.