ರಾಮಸಮುದ್ರದ ನೀರುಕಾಗೆ

ಯಾದಗಿರಿಗೆ ಹೋದವರು ಕೋಟೆಯ ಗುಡ್ಡವನ್ನೂ ಭೀಮಾ ನದಿಯನ್ನೂ ನೋಡಿ ಹಿಂದಿರುಗುವುದು ವಾಡಿಕೆ. ನಾವು ರಾಮಸಮುದ್ರಕ್ಕೂ ಹೋದೆವು. ಹೆಸರನ್ನು ಕೇಳಿ ವಾಚಕರು ಮೋಸಹೋಗಬಾರದು. ಕಡಲು ಅಲ್ಲಿಂದ ಬಹುದೂರ. ಕೆರೆಗೂ ಕೆರೆಯೂರಿಗೂ ಸಮುದ್ರವೆಂದು ಹೆಸರಿಡುವುದು ನಮ್ಮ ನಾಡಿನ ಹಳೆಯ ಪದ್ಧತಿ.

ಊರ ಹೊರಗೆ ನೀರಿನಂಚಿನ ಬಂಡೆಯ ಮೇಲೆ ಕರಿಯ ಹಕ್ಕಿಯೊಂದು ನೆಟ್ಟಗೆ ನಿಂತು, ಎರಡು ರೆಕ್ಕೆಗಳನ್ನೂ ಬಿಚ್ಚಿ ಬಿಸಿಲಿಗೆ ಒಡ್ಡಿತ್ತು. ನಮ್ಮೊಡನಿದ್ದ ಹುಡುಗನು "ಅಗೋ, ಪೆಂಗ್ವಿನ್!" ಎಂದು ಕೂಗಿದನು. ನಾವು ನಕ್ಕು, ಅದು ನೀರುಕಾಗೆಯೆಂದೆವು. "ಹಾಗಾದರೆ ಅದು ಕಾಗೆಯೇ?" ಎಂದು ಅವನು ಕೇಳಲು ನಮ್ಮ ನಗು ನಿಂತಿತು. ಕಾಗೆಗೂ ಅದಕ್ಕೂ ಬಣ್ಣದ ಹೊರತು ಹತ್ತಿರದ ನಂಟಿಲ್ಲ. ನಾವೂ ಅವನಂತೆಯೇ ಮೈ ನೋಡಿ ಹೆಸರಿಟ್ಟವರು.

ಪಂಡಿತರೂ ಇದಕ್ಕೆ ಹೊರತಲ್ಲ. ಕಾಲಿನ ನಾಲ್ಕು ಬೆರಳುಗಳಿಗೂ ಜಾಲಪೊರೆಯಿದೆಯೆಂದು ನೀರುಕಾಗೆಯನ್ನೂ ಹೆಜ್ಜಾರ್ಲೆಯನ್ನೂ ಬಹುಕಾಲ ಒಂದೇ ಗಣದಲ್ಲಿ ಇರಿಸಿದ್ದರು. ಡಿ.ಎನ್.ಎ. ಪರೀಕ್ಷೆಯಾದ ಮೇಲೆ ಹೆಜ್ಜಾರ್ಲೆ ಬಕಗಳ ಬಳಿಗೆ ಸರಿಯಿತು. ನೀರುಕಾಗೆ ಹಾವಕ್ಕಿಯೊಡನೆ ಬೇರೆ ಗಣವಾಯಿತು.

ಪೆಂಗ್ವಿನ್ನಿನ ಕಥೆ ಇನ್ನೂ ಸೋಜಿಗದ್ದು. ಹಾರಲಾರದ ಈ ಹಕ್ಕಿಗೆ ಅತಿ ಸಮೀಪದ ಬಂಧುಗಳು, ಸಾಗರಗಳನ್ನೇ ಹಾರಿ ದಾಟುವ ಆಲ್ಬಟ್ರಾಸ್ ಮತ್ತು ಪೆಟ್ರೆಲ್‌ಗಳು. ನ್ಯೂಜಿಲೆಂಡಿನಲ್ಲಿ ದೊರೆತ ವೈಮಾನು ಎಂಬ ಪೆಂಗ್ವಿನ್ನಿನ ಎಲುಬುಗಳು ಸುಮಾರು 6 ಕೋಟಿ ವರ್ಷ ಹಳೆಯವು. ಆಗಲೇ ಅದು ಹಾರಾಟವನ್ನು ಬಿಟ್ಟಿತ್ತು. ಅಲ್ಲಿಯದೇ ಇನ್ನೊಂದು ಪುರಾತನ ಪೆಂಗ್ವಿನ್ ಸುಮಾರು 150 ಕಿಲೋ ತೂಗುತ್ತಿದ್ದಿತೆಂದು 2023ರಲ್ಲಿ ಅಂದಾಜು ಮಾಡಿದರು. ಇಂದಿನ ಅತಿ ದೊಡ್ಡ ಪೆಂಗ್ವಿನ್ನು 40 ಕಿಲೋವಿನ ಆಸುಪಾಸಿನದು.

ಆ ಹೆಸರಾದರೂ ಅದರ ಸ್ವಂತದ್ದಲ್ಲ. ಮೊದಲು ಪೆಂಗ್ವಿನ್ ಎನಿಸಿಕೊಂಡದ್ದು ಉತ್ತರ ಅಟ್ಲಾಂಟಿಕ್ ಸಾಗರದ ದೊಡ್ಡ ಆಕ್ ಪಕ್ಷಿ. ದಕ್ಷಿಣಕ್ಕೆ ಹೋದ ನಾವಿಕರು ಅಲ್ಲಿ ಅದನ್ನೇ ಹೋಲುವ ಹಕ್ಕಿಗಳನ್ನು ಕಂಡು, ನಮ್ಮ ಹುಡುಗನಂತೆಯೇ, ಅದೇ ಹೆಸರಿನಿಂದ ಕರೆದರು. ಹೆಸರಿನ ಒಡೆಯನನ್ನೋ, ಮಾಂಸಕ್ಕಾಗಿ, ಎಣ್ಣೆಗಾಗಿ, ಪುಕ್ಕಕ್ಕಾಗಿ ಕೊಂದು ಮುಗಿಸಿದರು. 1844ರಲ್ಲಿ ಐಸ್‌ಲೆಂಡಿನ ಎಲ್ಡೇ ದ್ವೀಪದಲ್ಲಿ, ಮೊಟ್ಟೆಯ ಮೇಲಿದ್ದ ಕೊನೆಯ ಜೋಡಿಯೂ ಹತವಾಯಿತು.

ಇದನ್ನು ಕೇಳಿ ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟರಲ್ಲಿ ನೀರುಕಾಗೆ ಮುಳುಗು ಹಾಕಿತು. ಪೆಂಗ್ವಿನ್ನು ನೀರಿನೊಳಗೆ ರೆಕ್ಕೆ ಬಡಿದು ಸಾಗುವುದು. ಇದು ಕಾಲಿನಿಂದ ಮೀಟಿ ಸಾಗುವುದು. ಇದರ ಗರಿ ನೆನೆಯುವುದರಿಂದಲೇ ಆ ಬಿಸಿಲು ಕಾಯಿಸುವಿಕೆ. ಹುಡುಗನು ಒಂದು, ಎರಡು ಎಂದು ಎಣಿಸತೊಡಗಿದನು. ಹದಿನೇಳಕ್ಕೆ ಹಕ್ಕಿ ಮೇಲೆದ್ದಿತು, ಕೊಕ್ಕಿನಲ್ಲಿ ಒಂದು ಮೀನು.